ವರದಿಯಲ್ಲಿ ಕಾಣದ ಪಾದ್ರಿ

ಕನ್ನಡ ವಿದ್ವತ್‌ವಲಯದಲ್ಲಿ ಮಿಶನರಿಗಳ ಕುರಿತು ಬಂದಿರುವ ಬರಹಗಳಲ್ಲಿ ಎರಡು ಧ್ವನಿಗಳು ಪ್ರಬಲವಾಗಿವೆ: ಒಂದು ಅಭಿನಂದನೆಯದು, ಇನ್ನೊಂದು ಅನುಮಾನದ್ದು. ಮೊದಲನೆಯ ಪಕ್ಷಕ್ಕೆ ಕಿಟೆಲ್ ಎಂದರೆ 1894ರ ನಿಘಂಟು, ಮೋಗ್ಲಿಂಗ್ ಎಂದರೆ 1843ರ ‘ಮಂಗಳೂರ ಸಮಾಚಾರ’. ಎರಡನೆಯ ಪಕ್ಷಕ್ಕೆ ಅವರೆಲ್ಲ ಮತಾಂತರದ ಆಳುಗಳು. ಸನ್ಮಾನಪತ್ರ ಬರೆಯುವವರಿಗೂ ಆರೋಪಪಟ್ಟಿ ಬರೆಯುವವರಿಗೂ ಒಂದು ವಿಷಯದಲ್ಲಿ ಮಾತ್ರ ಒಮ್ಮತವಿದೆ. ಈ ಪಾದ್ರಿಗಳು ತಮ್ಮ ಕಾರ್ಯದಲ್ಲಿ ಮಹಾ ಸಮರ್ಥರಾಗಿದ್ದರೆಂದು ಇಬ್ಬರೂ ನಂಬಿದ್ದಾರೆ. ವಾಸ್ತವ ಅಷ್ಟು ಸರಳವಲ್ಲ. ಅಷ್ಟು ಗಂಭೀರವೂ ಅಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಮೊದಲ ಮೂವರಲ್ಲಿ ಸಾಮ್ಯುಯೆಲ್ ಹೆಬಿಕ್ ಒಬ್ಬರು. ನೀಳವಾದ ಗಡ್ಡದ ಈ ಪಾದ್ರಿಗೆ ಮುಂದೆ ಕಣ್ಣೂರೇ ಕಾರ್ಯಕ್ಷೇತ್ರವಾಯಿತು. ದೇಶಭಾಷೆ ಅವರಿಗೆ ಕೊನೆಯವರೆಗೂ ಒಲಿಯಲಿಲ್ಲ, ದುಭಾಷಿಯೇ ಗತಿ. ಜಾತ್ರೆಗಳಲ್ಲಿ ಬೋಧಿಸಹೊರಟರೆ ಜನ ಮಣ್ಣೆರಚಿದ್ದೂ ಉಂಟು. ಅವರ ಇಂಗ್ಲಿಷೂ ಅಂಥದೇ. ಆದರೆ ಆ ಒಡಕು ಇಂಗ್ಲಿಷನ್ನು ಕೇಳಿ ನಗಲು ಬಂದ ಬ್ರಿಟಿಷ್ ಸಿಪಾಯಿಗಳು ಕುಳಿತು ಕೇಳತೊಡಗಿದರು. 94ನೆಯ ರೆಜಿಮೆಂಟಿಗೆ ‘ಹೆಬಿಕ್‌ನ ಪಡೆ’ ಎಂಬ ಅಡ್ಡಹೆಸರೇ ಬಿದ್ದಿತು. ಅನ್ಯಧರ್ಮೀಯರನ್ನು ಅರಸಿ ಬಂದವರಿಗೆ ಹುಟ್ಟಾ ಕ್ರೈಸ್ತರೇ ದೊರೆತರೆಂಬುದು ಮಿಶನ್ ಚರಿತ್ರೆಯ ಸೊಗಸಾದ ವಿನೋದಗಳಲ್ಲೊಂದು.

ಕಿಟೆಲ್ಲರ ಕಥೆಯಲ್ಲಿ ವಿನೋದಕ್ಕಿಂತ ನೋವು ಹೆಚ್ಚು. 1853ರಲ್ಲಿ ಬಂದ ಆ ತರುಣನಿಗೆ ಭಾರತೀಯರ ನಡುವೆ ಭಾರತೀಯನಾಗಿ ಬಾಳಬೇಕೆಂಬ ಹಂಬಲ. ಕುದುರೆ ಬಿಟ್ಟು ಕಾಲ್ನಡಿಗೆಯಲ್ಲಿ ಊರೂರು ತಿರುಗಿದ್ದನ್ನು ಸಹೋದ್ಯೋಗಿಗಳು ಒಪ್ಪಲಿಲ್ಲ. ಮಿಶನ್ನಿನೊಳಗೆ ಅವರು ಬಹುಕಾಲ ಅಂಚಿನಲ್ಲಿಯೇ ಉಳಿದರು. ಮತಪ್ರಚಾರಕ್ಕಿಂತ ಪುಸ್ತಕಗಳಲ್ಲಿ ಮುಳುಗಿದವರೆಂಬ ಅಸಮಾಧಾನವೂ ಬೆನ್ನು ಬಿಡಲಿಲ್ಲ. ಅವರು ಯಶಸ್ವೀ ಪಾದ್ರಿಯಾಗಿದ್ದರೆ ಕನ್ನಡಕ್ಕೆ ಆ ನಿಘಂಟು ದೊರೆಯುತ್ತಿತ್ತೇ ಎಂಬ ಪ್ರಶ್ನೆ ತುಸು ತುಂಟತನದ್ದು, ಅಪ್ರಸ್ತುತವಂತೂ ಅಲ್ಲ.

ಇಂಥ ಸೋಲುಗಳು ಅಭಿನಂದನ ಲೇಖನಗಳಲ್ಲಿ ಕಾಣದಿರಲು ಕಾರಣವಿದೆ. ಮಿಶನ್ ನಡೆಯುತ್ತಿದ್ದುದು ಯುರೋಪಿನ ಸಾಮಾನ್ಯ ಭಕ್ತರು ವಾರವಾರವೂ ಹಾಕುತ್ತಿದ್ದ ಚಿಲ್ಲರೆ ಕಾಸಿನಿಂದ. 1828ರಿಂದ ಪ್ರಕಟವಾಗುತ್ತಿದ್ದ ‘ಹೈಡೆನ್‌ಬೋಟೆ’ ಪತ್ರಿಕೆ ಅವರ ಕೈಗೆ ಹೋಗುತ್ತಿತ್ತು. ಕಾಸು ಹಾಕಿದವರಿಗೆ ಫಲ ತೋರಿಸಬೇಕು. ‘ಈ ವರ್ಷ ಯಾರೂ ಬರಲಿಲ್ಲ, ನನಗೂ ಬೇಸರ’ ಎಂದು ಯಾವ ಪಾದ್ರಿ ತಾನೇ ಬರೆದಾನು? ಬರೆದರೂ ಅಚ್ಚಾದೀತೆ? ಮದುವೆಯಾಗಲೂ ಬಾಸೆಲ್ಲಿನ ಸಮಿತಿಯ ಅಪ್ಪಣೆ ಬೇಕಿದ್ದ, ಮುಖ ನೋಡದ ವಧುವನ್ನು ಹಡಗುಕಟ್ಟೆಯಲ್ಲಿ ಎದುರುಗೊಳ್ಳುವುದೂ ಉಂಟಾಗಿದ್ದ ಬದುಕದು. ಆ ವಧುವಿನ ದಿಗಿಲನ್ನು ಕುರಿತು ಕನ್ನಡದಲ್ಲಿ ಬರೆದವರು ವಿರಳ.

ಆದರೆ ನಿಜವಾದ ತೊಡಕು ಅನ್ನದ್ದು. ಮತ ಬದಲಿಸಿದವನು ಜಾತಿಯೊಡನೆ ಕುಲಕಸಬನ್ನೂ ಹಲವೊಮ್ಮೆ ಕಳೆದುಕೊಳ್ಳುತ್ತಿದ್ದನು. ಆದುದರಿಂದಲೇ ಮಿಶನ್ ಮಗ್ಗಗಳನ್ನು ಹಾಕಿತು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅಂದಿನಿಂದ ಒಂದೇ ಸಂಸ್ಥೆ ಗುರುವೂ ಹೌದು, ಧಣಿಯೂ ಹೌದು. ಭಾನುವಾರ ಕ್ಷಮೆಯನ್ನು ಬೋಧಿಸಿದ ಸಂಸ್ಥೆಯೇ ಸೋಮವಾರ ತಡವಾಗಿ ಬಂದವನ ಕೂಲಿಯ ಲೆಕ್ಕ ನೋಡಬೇಕು. ಇಂಥಲ್ಲಿ ಪಾದ್ರಿಯ ಮುಂದೆ ಮನಸ್ಸು ಬಿಚ್ಚುವ ಧೈರ್ಯ ಕೂಲಿಯವನಿಗೆ ಬಂದೀತೆ? ಈ ಇಕ್ಕಟ್ಟನ್ನು ಹೆಚ್ಚು ಬಲ್ಲವರು ಸ್ಥಳೀಯ ಉಪದೇಶಿಗಳು: ದೊರೆಗೆ ನಡವಳಿಯ ವರದಿ, ನೆಂಟರಿಗೆ ಸಮಜಾಯಿಷಿ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸರಕಾರ ಬಂಧಿಸಿ ಹೊರಹಾಕಿದಾಗ ಸಭೆಗಳ ಭಾರವೆಲ್ಲ ಬಿದ್ದುದೂ ಇಂಥ ಸ್ಥಳೀಯರ ಹೆಗಲಿಗೇ. ಪ್ರತಿಮೆ ನಿಂತದ್ದು ಕಿಟೆಲ್ಲರದು.

ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (1974) ಮಿಶನರಿ ಬರಹದ ಹರಹನ್ನು ತೋರಿಸಿಕೊಟ್ಟ ಮೇಲೂ ಸಂಶೋಧಕರ ಒಲವು ನಿಘಂಟು, ವ್ಯಾಕರಣ, ಮುದ್ರಣಗಳತ್ತಲೇ ಹರಿದಿದೆ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಮಿಶನ್ ಠಾಣೆಗಳು ಹಳೆಯ ಮುಂಬಯಿ ಪ್ರಾಂತದಲ್ಲಿದ್ದವು. ಆದುದರಿಂದ ಮುಂಬಯಿ, ಪುಣೆಗಳ ಕನ್ನಡ ವಿದ್ಯಾರ್ಥಿಗೆ ಈ ಕ್ಷೇತ್ರ ಪರಕೀಯವಲ್ಲ. ಬಾಸೆಲ್ಲಿನ ದಫ್ತರಖಾನೆಯಲ್ಲಿ ಅಚ್ಚಾದ ವರದಿಗಳ ಜತೆಗೆ ಕೈಬರಹದ ಪತ್ರಗಳೂ ಉಳಿದಿವೆ. ಒಂದೇ ಠಾಣೆಯ ಒಂದೇ ವರ್ಷದ ವರದಿಯನ್ನೂ ಪತ್ರಗಳನ್ನೂ ಮಗ್ಗುಲಲ್ಲಿಟ್ಟುಕೊಂಡು, ಯಾವ ವಾಕ್ಯಕ್ಕೆ ಅಚ್ಚಿನಲ್ಲಿ ಕತ್ತರಿ ಬಿದ್ದಿದೆಯೆಂದು ನೋಡುವವರು ಹಳೆಯ ಜರ್ಮನ್ ಲಿಪಿಯನ್ನು ಕಲಿಯಬೇಕಾದೀತು. ಕಿಟೆಲ್ಲರು ಹಳಗನ್ನಡ ಕಲಿತದ್ದಕ್ಕಿಂತ ಅದೇನೂ ಕಷ್ಟವಲ್ಲ.