ಮನೆ ಹಳ್ಳಿಯಲ್ಲೋ, ಪೇಟೆಯಲ್ಲೋ?

ಭತ್ತದ ಸುಗ್ಗಿ ಮುಗಿದು ಕೈಗೆ ನಾಲ್ಕು ಕಾಸು ಬಂತೆಂದರೆ ಸಿಂಧನೂರು, ಮಸ್ಕಿ ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ. 'ಹುಡುಗರ ಓದಿನ ಸಲುವಾಗಿ ಸಿಂಧನೂರಾಗ ಒಂದು ಮನಿ ಮಾಡಬೇಕು' ಎನ್ನುತ್ತಾನೆ ಮಗ. 'ಹೊಲ ಇಲ್ಲಿ, ಮನಿ ಅಲ್ಲಿ ಅಂದ್ರ ಈ ಮನ್ಯಾಗ ದೀಪ ಹಚ್ಚೋರು ಯಾರೋ ಯಪ್ಪಾ?' ಎನ್ನುತ್ತಾಳೆ ತಾಯಿ. ಇಬ್ಬರ ಮಾತಿನಲ್ಲೂ ಹುರುಳಿದೆ. ಎಂಟನೆಯ ತರಗತಿಯ ಮೊಮ್ಮಗಳು ಒಳಗೆ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾಳೆ. ಯಾರ ಹೆಸರಿನಲ್ಲಿ ಇಷ್ಟೆಲ್ಲ ಮಾತು ನಡೆದಿದೆಯೋ, ಅವಳನ್ನು ಮಾತ್ರ ಯಾರೂ ಕೇಳುವುದಿಲ್ಲ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿಯ ಮೇಲಿವೆ. ನಡುವೆ ಮಸ್ಕಿ, ಅದರ ಒಂದು ಕಡೆ ಸಿಂಧನೂರು, ಇನ್ನೊಂದು ಕಡೆ ಲಿಂಗಸುಗೂರು. ಆದರೆ ಮೂರರ ಗುಣ ಬೇರೆ ಬೇರೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬೆಳೆದ ಪೇಟೆ. ಭತ್ತ, ಅಕ್ಕಿ ಗಿರಣಿ, ಟ್ರ್ಯಾಕ್ಟರ್ ವ್ಯಾಪಾರ ಅದರ ಜೀವಾಳ. 2024ರಲ್ಲಿ ಅಲ್ಲಿಗೆ ರೈಲೂ ಬಂತು. ಲಿಂಗಸುಗೂರು ಕಚೇರಿಗಳ ಊರು. ನಿಜಾಮರ ಆಡಳಿತದಲ್ಲಿ 1905ರವರೆಗೆ ಅದರ ಹೆಸರಿನ ಜಿಲ್ಲೆಯೇ ಇತ್ತು; ಇಂದು ಅದು ಉಪವಿಭಾಗದ ಕೇಂದ್ರ. ಹಟ್ಟಿ ಚಿನ್ನದ ಗಣಿ ಇರುವುದೂ ಅದೇ ತಾಲ್ಲೂಕಿನಲ್ಲಿ. 1915ರಲ್ಲಿ ಪತ್ತೆಯಾದ ಅಶೋಕನ ಶಾಸನದಿಂದ ಹೆಸರಾದ ಮಸ್ಕಿ ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿತ್ತು. ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ಕಚೇರಿ ಬಂದಲ್ಲಿ ಪ್ಲಾಟಿನ ಮಾತೂ ಬರುತ್ತದೆ. ರೈಲು ಬಂದಲ್ಲಂತೂ ಕೇಳುವುದೇ ಬೇಡ.

ಆದರೆ ಮಕ್ಕಳ ಓದಿಗಾಗಿಯೇ ಮನೆ ಎನ್ನುವುದಾದರೆ, ಯಾವ ಊರು ಎಂದು ಕೇಳುವ ಮೊದಲು ಯಾವ ವರ್ಷ ಎಂದು ಕೇಳಬೇಕು.

ಕಾರಣ ಹೀಗಿದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದ ವಿದ್ಯಾರ್ಥಿಗಳಿಗೆ ಸಿಇಟಿ ಮೂಲಕ ಹಂಚುವ ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇ 15ರಷ್ಟು ಗ್ರಾಮೀಣ ಮೀಸಲಾತಿ ಇದೆ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲೂ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25ರ ಮೀಸಲಾತಿ ಇದೆ. ಇಲ್ಲಿ ಲೆಕ್ಕಕ್ಕೆ ಬರುವುದು ಮನೆ ಇರುವ ಊರಲ್ಲ, ಶಾಲೆ ಇರುವ ಊರು. ಏಳು ವರ್ಷ ಹಳ್ಳಿಯಲ್ಲಿ ಓದಿದ ಮಗುವನ್ನು ಎಂಟನೆಯ ತರಗತಿಗೆಂದು ಪೇಟೆಯ ಶಾಲೆಗೆ ಸೇರಿಸಿದರೆ ಈ ಸೌಲಭ್ಯ ಅಲ್ಲಿಗೇ ಕೈಬಿಟ್ಟಂತೆ. ಎಷ್ಟೋ ಪಾಲಕರಿಗೆ ಇದು ತಿಳಿಯುವುದು ಸಿಇಟಿ ಅರ್ಜಿ ತುಂಬುವ ದಿನವೇ. ಆಗ ತಿಳಿದು ಪ್ರಯೋಜನವಿಲ್ಲ. ಕಲ್ಯಾಣ ಕರ್ನಾಟಕಕ್ಕೆ ದೊರೆತ 371(ಜೆ) ಮೀಸಲಾತಿಯಲ್ಲಿ ಹಳ್ಳಿ, ಪೇಟೆ ಎಂಬ ಭೇದವಿಲ್ಲ. ಆ ಬಗ್ಗೆ ಚಿಂತೆ ಬೇಡ.

ಹಾಗೆಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಕ್ಕೆ ಶಿಕ್ಷಕರೇ ಇಲ್ಲದಿದ್ದರೂ ಮೀಸಲಾತಿಯ ಆಸೆಗೆ ಮಗುವನ್ನು ಅಲ್ಲೇ ಕೂಡಿಸುವುದು ಜಾಣತನವಲ್ಲ. ಓದೇ ಬರದಿದ್ದರೆ ಮೀಸಲಾತಿ ಕಟ್ಟಿಕೊಂಡು ಮಾಡುವುದೇನು? ನಮ್ಮ ಊರಿನ ಶಾಲೆ ಸಾಕಷ್ಟು ಚೆನ್ನಾಗಿದ್ದರೆ ಹತ್ತನೆಯ ತರಗತಿಯವರೆಗೆ ಅವಸರ ಬೇಡ ಎನ್ನುವುದಷ್ಟೇ ಮಾತು.

ನಿಜವಾದ ಕಷ್ಟ ಶುರುವಾಗುವುದು ಎಸ್ಸೆಸ್ಸೆಲ್ಸಿ ನಂತರ. ಪಿಯು ಕಾಲೇಜು ಪೇಟೆಯಲ್ಲಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾರಿಗೆ ನಿಗಮದ ಸಾಮಾನ್ಯ ಬಸ್ಸು ಉಚಿತವಾಗಿದೆ. ಗಂಡುಮಕ್ಕಳಿಗೆ ರಿಯಾಯಿತಿ ಪಾಸು ಇದೆ. ಟಿಕೆಟ್ಟಿನ ಚಿಂತೆ ಕಡಿಮೆಯಾಯಿತು. ಆದರೆ ಬಸ್ಸಿನ ಹೊತ್ತು? ಬೆಳಗಿನ ಬಸ್ಸು ತಪ್ಪಿದರೆ ಮೊದಲ ಎರಡು ಪಾಠ ಹೋಯಿತು. ಸಂಜೆಯ ಬಸ್ಸು ತಡವಾದರೆ ಮನೆಯಲ್ಲಿ ಆತಂಕ. ಹೀಗೆ ನಾಲ್ಕು ಬಾರಿ ಆಯಿತೆಂದರೆ 'ಹುಡುಗಿ ಓದಿದ್ದು ಸಾಕು' ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಮನೆ ಕೊಳ್ಳುವ ಮಾತಿನಲ್ಲಿ ಪಣಕ್ಕೆ ಬಿದ್ದಿರುವುದು ಇದು. ಆದ್ದರಿಂದ ಪಾಲಕರು ಹಣ ಎಣಿಸುವ ಮೊದಲು ಒಂದು ವಾರ ತಾವೇ ಆ ಬಸ್ಸಿನಲ್ಲಿ ಹೋಗಿ ಬರುವುದು ಒಳ್ಳೆಯದು.

ಬಸ್ಸು ಕೈಕೊಡುತ್ತದೆ ಎಂದಾದರೂ ಮನೆ ಕೊಳ್ಳುವುದೊಂದೇ ದಾರಿಯಲ್ಲ. ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಅಡುಗೆ ಮಾಡಿ ಹಾಕಲು ಅಜ್ಜಿಯನ್ನು ಮೊಮ್ಮಕ್ಕಳ ಜೊತೆ ಕಳಿಸುವ ಕುಟುಂಬಗಳೂ ಇವೆ. ಅಜ್ಜಿಗೆ ಪೇಟೆ ಒಗ್ಗುವುದಿಲ್ಲ, ಮಾತಾಡಲು ಜನ ಸಿಗುವುದಿಲ್ಲ ಎಂಬುದು ನಿಜ. ಅವಳ ಮಾತನ್ನೂ ಕೇಳಬೇಕು. ಆದರೆ ಪಿಯು ಎರಡು ವರ್ಷ, ಪದವಿ ಮೂರು ವರ್ಷ. ಮುಂದೆ ಆ ಮಕ್ಕಳು ಕಲಬುರಗಿಗೋ ಬೆಂಗಳೂರಿಗೋ ಹೋಗುವವರು. ಐದು ವರ್ಷದ ಅಗತ್ಯಕ್ಕೆ ಇಪ್ಪತ್ತು ವರ್ಷದ ಸಾಲ ಸರಿಯೇ ಎಂದು ಕೇಳಿಕೊಳ್ಳಬೇಕು.

ಸಾಲದ ಮಾತಿನಲ್ಲಿ ಕಾಲುವೆಯನ್ನು ಮರೆಯುವಂತಿಲ್ಲ. ಸಂಬಳದಾರನಿಗೆ ತಿಂಗಳು ತಿಂಗಳು ಹಣ ಬರುತ್ತದೆ. ರೈತನಿಗೆ ಬೆಳೆ ಬಂದಾಗ ಮಾತ್ರ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಈ ಸೀಮೆಯ ರೈತರು ನಿದ್ದೆ ಮಾಡಲಿಲ್ಲ. ತಾತ್ಕಾಲಿಕ ಗೇಟು ಕೂಡಿಸಿದರು, ಮಳೆಯೂ ಕೈಹಿಡಿಯಿತು, ಜಲಾಶಯ ಮತ್ತೆ ತುಂಬಿತು. ಎಲ್ಲ ವರ್ಷ ಹಾಗೇ ಆದೀತೆಂದು ಹೇಳಲಾಗದು. ಕಾಲುವೆಯ ಕೊನೆಯ ಭಾಗದವರಿಗಂತೂ ನೀರು ತಲುಪುವುದೇ ಒಂದು ಹೋರಾಟ. ಎರಡು ಬೆಳೆ ನಂಬಿ ಕಂತು ಕಟ್ಟುವವನು ಒಂದು ಬೆಳೆ ತಪ್ಪಿದರೆ ಹೊಲ ಮಾರಿ ಮನೆ ಉಳಿಸಿಕೊಳ್ಳಬೇಕಾದೀತು. ಒಂದೇ ಬೆಳೆಯ ಆದಾಯದಲ್ಲಿ ಕಂತು ಕಟ್ಟಲು ಆಗುತ್ತದೆಯೇ ಎಂದು ನೋಡುವುದು ಕ್ಷೇಮ.

ನೀರಿನ ಇನ್ನೊಂದು ಮುಖ ಕುಡಿಯುವ ನೀರು. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮುಂದೆ ಮೂಳೆಗೂ ತೊಂದರೆ. ಹಳ್ಳಿಯಲ್ಲಿ ಉಳಿಯುವವರು ಶುದ್ಧ ನೀರಿನ ಘಟಕ ನಿಜವಾಗಿ ನಡೆಯುತ್ತಿದೆಯೇ ಎಂದು ನೋಡಬೇಕು. ಪೇಟೆಗೆ ಹೋಗುವವರು ಕಾಲುವೆ ನಿಂತ ಬೇಸಿಗೆಯಲ್ಲಿ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಆ ಓಣಿಯ ಹೆಂಗಸರನ್ನು ಕೇಳಬೇಕು. ಮನೆ ಮಾರುವವರು ಅದನ್ನು ಹೇಳುವುದಿಲ್ಲ. ಈ ಸೀಮೆಯ ಬಿಸಿಲಿನಲ್ಲಿ ಹಳ್ಳಿಯ ಮಣ್ಣಿನ ಮಾಳಿಗೆ ತಂಪು. ಪೇಟೆಯ ಸಿಮೆಂಟಿನ ಮನೆ ರಾತ್ರಿಯೂ ಕಾಯುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಇದೂ ಸಣ್ಣ ವಿಷಯವಲ್ಲ.

ಇಷ್ಟಾಗಿಯೂ ಪೇಟೆಯೇ ಸರಿ ಎನ್ನುವವರಿದ್ದಾರೆ. ಹೊಲವಿಲ್ಲದ, ಕೆಲಸವೇ ಪೇಟೆಯಲ್ಲಿರುವ ಕುಟುಂಬ ಹಳ್ಳಿಯಲ್ಲಿ ಮನೆ ಮಾಡಿ ಪಡೆಯುವುದು ಹೆಚ್ಚೇನಿಲ್ಲ. ಆಗಾಗ ಆಸ್ಪತ್ರೆಗೆ ಓಡಾಡಬೇಕಾದ ಹಿರಿಯರಿದ್ದರೂ ಪೇಟೆಯೇ ಮೇಲು. ಅಂಥವರು ಕಾಗದಪತ್ರ ಗಟ್ಟಿ ಮಾಡಿಕೊಳ್ಳಬೇಕು. ಜಮೀನು ಕೃಷಿಯೇತರ, ಅಂದರೆ ಎನ್.ಎ. ಆಗಿರಬೇಕು, ಬಡಾವಣೆಗೆ ಅನುಮೋದನೆ, ಆಸ್ತಿಗೆ ಇ-ಖಾತಾ ಇರಬೇಕು, ಋಣಭಾರ ಪತ್ರ ತೆಗೆಸಿ ನೋಡಬೇಕು. ಹಳ್ಳಿಯಲ್ಲಿ ಕೊಳ್ಳುವುದಾದರೂ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11-ಎ ಕೇಳಬೇಕು. 11-ಬಿ ಕೊಟ್ಟರೆ ಅಲ್ಲೇ ನಿಂತು ವಿಚಾರಿಸಬೇಕು. ತೆರಿಗೆ ರಸೀದಿ ಇದ್ದ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ.

ಸುಗ್ಗಿಯ ಹಣ ಬಂದ ವಾರವೇ ಮುಂಗಡ ಕೊಡಬೇಕೆಂದೇನೂ ಇಲ್ಲ. ಅದೇ ಹಣದಲ್ಲಿ ಒಂದು ಭಾಗ ಹಾಕಿ ಹಳ್ಳಿಯ ಮನೆಯಲ್ಲೇ ಶೌಚಾಲಯ, ಓದಲು ಒಂದು ಕೋಣೆ, ಒಳ್ಳೆಯ ಬೆಳಕು ಮಾಡಿಸಬಹುದು. ಉಳಿದದ್ದು ಮಗಳ ಪಿಯುಗೆಂದು ಬ್ಯಾಂಕಿನಲ್ಲಿರಲಿ. ಅವಳು ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ವಿಜ್ಞಾನವೋ, ವಾಣಿಜ್ಯವೋ, ಡಿಪ್ಲೊಮಾವೋ ಎಂಬುದು ತಿಳಿಯುತ್ತದೆ. ಅದಕ್ಕೆ ತಕ್ಕ ಕಾಲೇಜು ಸಿಂಧನೂರಿನಲ್ಲೋ, ಮಸ್ಕಿಯಲ್ಲೋ, ಲಿಂಗಸುಗೂರಿನಲ್ಲೋ ಎಂಬುದೂ ಆಗಲೇ ತಿಳಿಯುತ್ತದೆ. ಮನೆಯ ಊರು ಆಮೇಲೆ ಗೊತ್ತುಮಾಡಿದರೂ ತಡವಾಗುವುದಿಲ್ಲ. ಸದ್ಯಕ್ಕೆ ಅವಳನ್ನು ಹೊರಗೆ ಕರೆದು, ಹಿರಿಯರ ನಡುವೆ ಕೂಡಿಸಿಕೊಂಡು, 'ನೀ ಏನು ಓದಬೇಕಂತೀಯವ್ವಾ?' ಎಂದು ಕೇಳಿದರೆ ಮಾತು ಸರಿಯಾದ ಕಡೆಯಿಂದ ಶುರುವಾದಂತೆ.