ಡಾಕ್ಟರೇಟ್ ಆದ ಮೇಲಿನ ಎರಡು ವರ್ಷ

ನಮ್ಮ ಸಮಾಜದ ಮನೆಗಳಲ್ಲಿ ಮಗನೋ ಮಗಳೋ ಪಿಎಚ್.ಡಿ. ಪದವಿ ಪಡೆದರೆ ಆ ಸಂತೋಷದ ವಾರ್ತೆ ಭಾವಚಿತ್ರದೊಡನೆ ಮಾಸಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಮಠದಲ್ಲಿ ಸನ್ಮಾನ ನಡೆಯುತ್ತದೆ, ಶಾಲು ಹೊದಿಸುತ್ತಾರೆ. ಅದಾಗಿ ಎರಡು ತಿಂಗಳು ಕಳೆಯುವುದರೊಳಗೆ ಅದೇ ಮನೆಯಲ್ಲಿ ಬೇರೊಂದು ಮಾತು ಹುಟ್ಟುತ್ತದೆ: ‘ಇಷ್ಟು ಓದಿದ ಮೇಲೂ ಕಾಯಂ ಕೆಲಸವಿಲ್ಲವೇ? ಜೊತೆಯಲ್ಲಿ ಬಿ.ಇ. ಮಾಡಿದವರು ಬೆಂಗಳೂರಿನಲ್ಲಿ ಮನೆ ಕಟ್ಟಿಸಿದರಲ್ಲ!’ ಗಣಕ ವಿಜ್ಞಾನ, ಮಾಹಿತಿ ವಿಜ್ಞಾನಗಳಲ್ಲಿ ಸಂಶೋಧನೆ ನಡೆಸಿದವರ ಮನೆಯಲ್ಲಿ ಈ ಮಾತು ಇನ್ನಷ್ಟು ಮೊನಚು. ಕಂಪನಿಗಳ ಬಾಗಿಲು ತೆರೆದಿರುವಾಗ ಪಾಠ ಹೇಳುವ ಹಂಬಲವೇಕೆ ಎಂದು ಹಿರಿಯರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಅದಕ್ಕೆ ಉತ್ತರ ಹುಡುಕಲು ಬೆಂಗಳೂರನ್ನು ಬಿಟ್ಟು ಸ್ವಲ್ಪ ದೂರ ಹೋಗಬೇಕಾಗುತ್ತದೆ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಭೂಪಟದಲ್ಲಿ ಹೆಚ್ಚುಕಡಿಮೆ ಆಂಧ್ರಪ್ರದೇಶದ ಮಡಿಲಲ್ಲಿಯೇ ಇದೆ. ಅಲ್ಲಿ ಉತ್ತರ ಪಿನಾಕಿನಿಯ ದಡದಲ್ಲಿರುವ ನಾಗಲಮಡಿಕೆಯನ್ನು ಅಂತ್ಯ ಸುಬ್ರಹ್ಮಣ್ಯ ಕ್ಷೇತ್ರವೆಂದು ನಾಡಿನ ಜನ ಬಲ್ಲರು. ಮಳೆ ಕಡಿಮೆ, ಬಿಸಿಲು ಧಾರಾಳ. ಆ ಬಿಸಿಲೇ ಈಚೆಗೆ ಈ ಹೋಬಳಿಯನ್ನು ದೇಶಕ್ಕೆ ಪರಿಚಯಿಸಿತು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನ ತಲೆಯೆತ್ತಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡು 2019ರ ಕೊನೆಗೆ ಪೂರ್ಣಗೊಂಡ ಈ ಉದ್ಯಾನಕ್ಕೆ ‘ಶಕ್ತಿ ಸ್ಥಳ’ವೆಂದು ಹೆಸರು.

ಈ ಉದ್ಯಾನದ ಒಳಗುಟ್ಟು ಗಾಜಿನ ಫಲಕಗಳಲ್ಲಿ ಎಷ್ಟಿದೆಯೋ ಅಷ್ಟೇ ಅಂಕಿಗಳಲ್ಲಿಯೂ ಇದೆ. ವಿದ್ಯುತ್ ಜಾಲದ ವ್ಯವಹಾರದಲ್ಲಿ ದಿನವನ್ನು ಹದಿನೈದು ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿರುತ್ತಾರೆ. ಪ್ರತಿಯೊಂದು ಭಾಗದಲ್ಲಿ ಎಷ್ಟು ವಿದ್ಯುತ್ ಹುಟ್ಟೀತು ಎಂಬುದನ್ನು ಉತ್ಪಾದಕರು ಮುಂಗಡವಾಗಿ ಅಂದಾಜು ಮಾಡಿ ತಿಳಿಸಬೇಕು. ಅಂದಾಜು ಮಿತಿಮೀರಿ ತಪ್ಪಿದರೆ ದಂಡ ತೆರಬೇಕು. ಮೋಡ ಯಾವಾಗ ಕವಿಯುತ್ತದೆ, ಧೂಳು ಎಷ್ಟು ಕೂತಿದೆ, ಯಾವ ಸಾಲು ಸೊರಗಿದೆ ಎಂಬುದೆಲ್ಲ ಗಣಕದ ಲೆಕ್ಕಾಚಾರ. ಇದೇ ಮಾಹಿತಿ ವಿಜ್ಞಾನ. ಈ ವಿದ್ಯೆಗೆ ಬೇಕಾದ ಕಚ್ಚಾ ಸಾಮಗ್ರಿ ನಾಗಲಮಡಿಕೆ ಹೋಬಳಿಯ ಹೊಲಗಳಲ್ಲಿಯೇ ದಿನಕ್ಕೆ ತೊಂಬತ್ತಾರು ಬಾರಿ ಬೆಳೆಯುತ್ತಿದೆ. ಆದರೆ ಊರಿನ ಮಕ್ಕಳಿಗೆ ಅಲ್ಲಿ ದೊರೆತ ಕೆಲಸಗಳಲ್ಲಿ ಕಾವಲು ಕಾಯುವುದು, ಕಳೆ ಕೀಳುವುದು, ಫಲಕ ತೊಳೆಯುವುದು ಇವೇ ಹೆಚ್ಚು. ಕಾಯಕದಲ್ಲಿ ಮೇಲುಕೀಳೆಂಬುದಿಲ್ಲ, ನಿಜ. ಆದರೆ ಫಲಕ ತೊಳೆಯುವ ಯುವಕನಿಗೆ ಅದರ ಅಂಕಿಗಳನ್ನು ಓದುವ ವಿದ್ಯೆಯನ್ನು ಯಾರೂ ಹೇಳಿಕೊಡದೆ, ಕಾಯಕದ ಮಾತನ್ನಷ್ಟೇ ಹೇಳಿ ಸಮಾಧಾನಪಡಿಸುವುದು ನನಗೆ ಸರಿದೋರುವುದಿಲ್ಲ.

ಹೇಳಿಕೊಡಬೇಕಾದವರು ಯಾರು? ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಣಕದ ಪ್ರಯೋಗಾಲಯದಲ್ಲಿ ಇಂಗ್ಲಿಷ್ — ಹೀಗೆ ಮೂರು ಹೊಳೆ ದಾಟಿ ಬರುವ ಗಡಿನಾಡಿನ ವಿದ್ಯಾರ್ಥಿಗೆ ಪ್ರೋಗ್ರಾಮಿಂಗ್ ಕಲಿಸುವುದು ಸಾಮಾನ್ಯರ ಕೆಲಸವಲ್ಲ. ವಿಷಯವನ್ನು ಬೇರಿನವರೆಗೆ ಬಲ್ಲವರು ಮಾತ್ರ ಅದನ್ನು ಸರಳವಾಗಿ ಹೇಳಬಲ್ಲರು. ‘ಲೂಪ್’ ಎಂದರೇನೆಂಬುದನ್ನು ಅಮೆರಿಕದ ಪಠ್ಯಪುಸ್ತಕದ ಉದಾಹರಣೆಯಿಂದ ವಿವರಿಸುವುದಕ್ಕೂ, ತಿರುಮಣಿಯ ಫಲಕದ ತೊಂಬತ್ತಾರು ಅಂಕಿಗಳನ್ನು ಒಂದೊಂದಾಗಿ ಕೂಡಿಸಿ ತೋರಿಸುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಪಾಠ ಹೇಳಿದವರು ಬಲ್ಲರು. ಅಂತಹ ಅಧ್ಯಾಪಕರು ತಯಾರಾಗುವ ಕಾಲವೇ ಡಾಕ್ಟರೇಟ್ ಆದ ಮೇಲಿನ ಮೊದಲ ಎರಡು ಮೂರು ವರ್ಷ. ನಾವು ಅವರನ್ನು ಕೈಬಿಡುವುದೂ ಅದೇ ವರ್ಷಗಳಲ್ಲಿ.

ಲೆಕ್ಕ ನೋಡೋಣ. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಂಶೋಧನೆಯನ್ನು ಈಗಷ್ಟೇ ಆರಂಭಿಸುವ ಜೆ.ಆರ್.ಎಫ್. ವಿದ್ಯಾರ್ಥಿಗೆ 2023ರ ಜನವರಿಯಿಂದ ಅನ್ವಯವಾಗುವಂತೆ ತಿಂಗಳಿಗೆ 37,000 ರೂಪಾಯಿ ನಿಗದಿಯಾಯಿತು. ಅದೇ ಸಂಶೋಧನೆಯನ್ನು ಮುಗಿಸಿ ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಅತಿಥಿ ಉಪನ್ಯಾಸಕರಾಗಿ ಹೋದವರಿಗೆ? 2022ರ ಜನವರಿಯಲ್ಲಿ ಸರ್ಕಾರ ಪರಿಷ್ಕರಿಸಿದ ಗೌರವಧನದ ಪ್ರಕಾರ, ಯು.ಜಿ.ಸಿ. ಅರ್ಹತೆಯಿದ್ದು ಐದು ವರ್ಷಕ್ಕಿಂತ ಕಡಿಮೆ ಅನುಭವವಿದ್ದರೆ 30,000, ಹೆಚ್ಚಿದ್ದರೆ 32,000 ರೂಪಾಯಿ. ಅದಕ್ಕೆ ಮೊದಲು ಸಿಗುತ್ತಿದ್ದುದು 13,000. 2024ರ ಜನವರಿಯಲ್ಲಿ ಸೇವಾವಧಿಗೆ ಅನುಗುಣವಾಗಿ 5,000ದಿಂದ 8,000ದವರೆಗೆ ಹೆಚ್ಚಳ ದೊರೆಯಿತು. ಹೆಚ್ಚಳ ಸ್ವಾಗತಾರ್ಹವೇ. ಆದರೂ ಓದನ್ನು ಆರಂಭಿಸಿದವನಿಗಿಂತ ಓದಿ ಮುಗಿಸಿ ಪಾಠ ಹೇಳುವವನು ಕಡಿಮೆ ಪಡೆಯುವುದು ಎಂತಹ ವಿಪರ್ಯಾಸ! ಇದರ ಮೇಲೆ ರಜಾಕಾಲದ ಕಳವಳ ಬೇರೆ. ಬರುವ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಅನಿಶ್ಚಯ ಬೇರೆ.

ನಿಯಮಗಳೂ ಈ ತರುಣರನ್ನು ಅತ್ತಿತ್ತ ತೂಗಾಡಿಸಿದವು. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರಾಗಲು 2021ರ ಜುಲೈಯಿಂದ ಪಿಎಚ್.ಡಿ. ಕಡ್ಡಾಯವೆಂದು 2018ರಲ್ಲಿ ಯು.ಜಿ.ಸಿ. ಹೇಳಿತು, ಬಳಿಕ ಗಡುವನ್ನು ಮುಂದೂಡಿತು, 2023ರ ಜೂನ್ 30ರಂದು, ನೆಟ್ ಅಥವಾ ಸೆಟ್ ಸಾಕು, ಪಿಎಚ್.ಡಿ. ಐಚ್ಛಿಕವೆಂದು ಪ್ರಕಟಿಸಿತು. ಇತ್ತ ಗಣಕ ವಿಷಯಗಳ ಸೀಟುಗಳು ಬೆಳೆಯುತ್ತಲೇ ಇವೆ. 2024–25ರಿಂದ ಬಿ.ಸಿ.ಎ. ಕೋರ್ಸು ಎ.ಐ.ಸಿ.ಟಿ.ಇ. ವ್ಯಾಪ್ತಿಗೆ ಬಂದಿತು, ಅದೇ ವರ್ಷ, ಒಳ್ಳೆಯ ಸ್ಥಿತಿಯಲ್ಲಿರುವ ಇಂಜಿನಿಯರಿಂಗ್ ಕಾಲೇಜುಗಳಿಗೆ ಒಂದು ವಿಭಾಗದಲ್ಲಿ ಇಂತಿಷ್ಟೇ ಸೀಟು ಎಂಬ ಮಿತಿಯೂ ತೆರವಾಯಿತು. ಸೀಟು ಆಜ್ಞೆಯಿಂದ ಹೆಚ್ಚುತ್ತದೆ. ಮೇಷ್ಟರು ಹಾಗೆ ಹೆಚ್ಚುವುದಿಲ್ಲ.

ಇದಕ್ಕೆ ಇತರರು ಕಂಡುಕೊಂಡ ಒಂದು ಉಪಾಯವೇ ಬೋಧನಾ ಫೆಲೋಶಿಪ್. ಡಾಕ್ಟರೇಟ್ ಪಡೆದ ತರುಣ ವಿದ್ವಾಂಸರಿಗೆ ಎರಡು ಅಥವಾ ಮೂರು ವರ್ಷಗಳ ಅವಧಿಗೆ ಗೌರವಯುತ ವೇತನ. ಅರ್ಧ ಸಮಯ ಪಾಠ, ಅರ್ಧ ಸಮಯ ಸ್ವಂತ ಸಂಶೋಧನೆ. ಬೆನ್ನಿಗೆ ಒಬ್ಬ ಅನುಭವಿ ಹಿರಿಯರು. ಅಮೆರಿಕದ ಎಂ.ಐ.ಟಿ.ಯ ಗಣಿತ ವಿಭಾಗದಲ್ಲಿ ಇಂತಹ ‘ಮೂರ್ ಇನ್‌ಸ್ಟ್ರಕ್ಟರ್’ ಹುದ್ದೆಗಳು 1949ರಿಂದ ಇವೆ. ಮುಂದೆ ನೊಬೆಲ್ ಸ್ಮಾರಕ ಪ್ರಶಸ್ತಿ ಪಡೆದ ಜಾನ್ ನ್ಯಾಶ್ 1951ರಲ್ಲಿ ಅಲ್ಲಿಗೆ ಸೇರಿದ್ದು ಈ ಹುದ್ದೆಯ ಮೂಲಕವೇ. ಮಾಹಿತಿ ವಿಜ್ಞಾನಕ್ಕೆಂದೇ ಪ್ರತ್ಯೇಕ ಶಾಲೆಗಳು ಎಡಿನ್‌ಬರೋದಲ್ಲಿ 1998ರಲ್ಲಿ, ಇಂಡಿಯಾನಾದಲ್ಲಿ 2000ದಲ್ಲಿ ಆರಂಭವಾದ ಮೇಲೆ ಈ ಪದ್ಧತಿ ಗಣಕ ಕ್ಷೇತ್ರದಲ್ಲಿಯೂ ಹಬ್ಬಿತು.

ಹೊರದೇಶದ ಮಾತೆಂದು ತಳ್ಳಿಹಾಕಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ವಿಸ್ಕಾನ್ಸಿನ್‌ನಲ್ಲಿ 1961ರಲ್ಲಿ ಡಾಕ್ಟರೇಟ್ ಪಡೆದ ವಿ. ರಾಜಾರಾಮನ್ ಅವರು ಮೂವತ್ತರ ಹರೆಯದಲ್ಲಿ ಕಾನ್ಪುರದ ಐ.ಐ.ಟಿ.ಗೆ ಬಂದರು. 1963ರಲ್ಲಿ ಆ ಸಂಸ್ಥೆಗೆ ಐ.ಬಿ.ಎಂ. 1620 ಗಣಕ ಬಂದಿತ್ತು. ಅವರು ಸಂಶೋಧನೆಯನ್ನೂ ಬಿಡಲಿಲ್ಲ, ಪಾಠವನ್ನೂ ಬಿಡಲಿಲ್ಲ. ಬಡ ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯ ಪಠ್ಯಪುಸ್ತಕಗಳನ್ನು ಬರೆದರು. ಎಂಬತ್ತರ ದಶಕದಲ್ಲಿ ಎಂ.ಸಿ.ಎ. ಎಂಬ ಕೋರ್ಸು ರೂಪುಗೊಂಡುದು ಅವರ ನೇತೃತ್ವದ ಸಮಿತಿಯ ಸಲಹೆಯಿಂದ. ನಮ್ಮ ಎಷ್ಟೋ ಮನೆಗಳ ಮಕ್ಕಳು ಆ ಎಂ.ಸಿ.ಎ.ಯಿಂದಲೇ ಅನ್ನ ಕಂಡುಕೊಂಡರು. ತರುಣನೊಬ್ಬನಿಗೆ ಪಾಠಕ್ಕೂ ಶೋಧಕ್ಕೂ ಒಟ್ಟಿಗೆ ಅವಕಾಶ ದೊರೆತುದರ ಫಲ ಅದು.

ಸರ್ಕಾರವೂ ಒಮ್ಮೆ ಈ ದಾರಿಯಲ್ಲಿ ದೊಡ್ಡ ಹೆಜ್ಜೆ ಇಟ್ಟಿತ್ತು. ಟೆಕ್ವಿಪ್ ಯೋಜನೆಯ ಮೂರನೆಯ ಹಂತದಲ್ಲಿ, 2018ರ ಆರಂಭದ ಹೊತ್ತಿಗೆ, ಐ.ಐ.ಟಿ., ಎನ್.ಐ.ಟಿ.ಗಳಲ್ಲಿ ಓದಿದ 1,200ಕ್ಕೂ ಹೆಚ್ಚು ತರುಣರನ್ನು ಹಿಂದುಳಿದ ಪ್ರದೇಶಗಳ 53 ಇಂಜಿನಿಯರಿಂಗ್ ಕಾಲೇಜುಗಳಿಗೆ ಮೂರು ವರ್ಷಗಳ ಮಟ್ಟಿಗೆ ಅಧ್ಯಾಪಕರನ್ನಾಗಿ ಕಳಿಸಲಾಯಿತು. ಬಿಹಾರ, ರಾಜಸ್ಥಾನ, ಮಧ್ಯಪ್ರದೇಶದಂತಹ ರಾಜ್ಯಗಳಿಗೆ ಅದರ ಪ್ರಯೋಜನ ದೊರೆಯಿತು. ಆದರೆ 2021ರ ಸೆಪ್ಟೆಂಬರ್ ಕೊನೆಗೆ ಯೋಜನೆ ಮುಗಿದಾಗ ಆ ತರುಣರ ಕೆಲಸವೂ ಮುಗಿಯಿತು. ಮುಂದಿನ ದಾರಿಯನ್ನು ಮೊದಲೇ ಗೊತ್ತುಮಾಡದೆ ಕರೆದುಕೊಂಡು ಹೋದವರನ್ನು ನಡುದಾರಿಯಲ್ಲಿ ಇಳಿಸಿದಂತಾಯಿತು. ಫೆಲೋಶಿಪ್ ಕೊಡುವವರು ಮೊದಲ ದಿನವೇ ಹೇಳಬೇಕಾದ ಮಾತೆಂದರೆ, ಅವಧಿ ಮುಗಿದ ಮೇಲೆ ಯೋಗ್ಯರಿಗೆ ಯಾವ ಹುದ್ದೆ ಕಾದಿದೆ ಎಂಬುದು.

ಈಗ ನಮ್ಮ ಸಮಾಜದ ಕಡೆ ಹೊರಳೋಣ. ಶಿಕ್ಷಣಕ್ಕಾಗಿ ದುಡಿದ ಪರಂಪರೆಯನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮೊದಲೇ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದ್ದು ಏಳು ಮಂದಿ ಅಧ್ಯಾಪಕರಿಂದ. ಸಪ್ತರ್ಷಿಗಳೆಂದು ನಾವು ಅವರನ್ನು ಸ್ಮರಿಸುತ್ತೇವೆ. ದಾನಿಗಳು ಹಿಂದೆ ನಿಂತರು, ಆದರೆ ಮುಂದೆ ನಿಂತವರು ಈಗಷ್ಟೇ ಓದು ಮುಗಿಸಿದ ತರುಣ ಮೇಷ್ಟರುಗಳು ಎಂಬುದನ್ನು ನಾವು ಭಾಷಣಗಳಲ್ಲಿ ಹೇಳಿ, ಬಜೆಟ್ಟಿನಲ್ಲಿ ಮರೆಯುತ್ತೇವೆ. ನಮ್ಮ ಜಿಲ್ಲೆಯಲ್ಲಿಯೇ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 1963ರಲ್ಲಿ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಬರಗಾಲದ ತಾಲ್ಲೂಕುಗಳ ಮಕ್ಕಳು ತಾಂತ್ರಿಕ ಶಿಕ್ಷಣವನ್ನು ಹತ್ತಿರದಲ್ಲಿ ಕಂಡುದು ಹಾಗೆ.

ವಿದ್ಯಾರ್ಥಿನಿಲಯ, ಪ್ರತಿಭಾ ಪುರಸ್ಕಾರ, ಶುಲ್ಕದ ನೆರವು — ಇವುಗಳಿಗೆ ನಮ್ಮಲ್ಲಿ ನಿಧಿಗಳಿವೆ. ಅವೆಲ್ಲ ಪದವಿಯ ಹೊಸ್ತಿಲಿನವರೆಗೆ ಕೈಹಿಡಿಯುತ್ತವೆ. ಡಾಕ್ಟರೇಟ್ ಆದವರಿಗೆ ಶಾಲು ಮಾತ್ರ. ಒಂದು ಫೆಲೋಶಿಪ್ಪಿಗೆ ಎಷ್ಟು ಬೇಕು? ತಿಂಗಳಿಗೆ 60,000 ರೂಪಾಯಿಯಂತೆ ವರ್ಷಕ್ಕೆ 7 ಲಕ್ಷ 20 ಸಾವಿರ. ಶೇಕಡಾ 7ರ ಬಡ್ಡಿ ಹಿಡಿದರೆ ಸುಮಾರು 1 ಕೋಟಿ 3 ಲಕ್ಷ ರೂಪಾಯಿಯ ಠೇವಣಿ. ಬೆಲೆಯೇರಿಕೆಗೆ ಅಸಲು ಕರಗದಿರಲು ಇನ್ನೊಂದಿಷ್ಟು ಸೇರಿಸಬೇಕಾದೀತು. ಕಡಿಮೆ ಹಣವೆಂದು ನಾನು ಹೇಳುವುದಿಲ್ಲ. ಆದರೆ ಹವಾನಿಯಂತ್ರಿತ ಕಲ್ಯಾಣ ಮಂಟಪವೊಂದನ್ನು ಕಟ್ಟಲು ಹೊರಟ ಸಮಿತಿಗಳು ಇದಕ್ಕಿಂತ ದೊಡ್ಡ ಮೊತ್ತವನ್ನು ಒಂದೇ ಸಭೆಯಲ್ಲಿ ಘೋಷಿಸಿಕೊಳ್ಳುವುದುಂಟು.

ಆ ಫೆಲೋ ನಗರದ ಕಾಲೇಜಿನಲ್ಲಿದ್ದುಕೊಂಡು ವಾರಕ್ಕೆ ಆರು ಗಂಟೆ ಪಾಠ ಹೇಳಲಿ. ಸೆಮಿಸ್ಟರಿನಲ್ಲಿ ಮೂರು ವಾರ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳ ಪದವಿ ಕಾಲೇಜುಗಳಲ್ಲಿ ಪ್ರಯೋಗಾಲಯ ನಡೆಸಲಿ. ಉಳಿದ ಸಮಯ ಅವರ ಸಂಶೋಧನೆಗೆ ಬಿಡಿ. ಪ್ರವೇಶ ಪ್ರಚಾರಕ್ಕೂ ಪರೀಕ್ಷಾ ಮೇಲ್ವಿಚಾರಣೆಗೂ ಅವರನ್ನು ಎಳೆಯತಕ್ಕದ್ದಲ್ಲ ಎಂದು ದತ್ತಿಪತ್ರದಲ್ಲಿಯೇ ಬರೆಸಬೇಕು. ಬರೆಸದಿದ್ದರೆ ಖಂಡಿತ ಎಳೆಯುತ್ತಾರೆ.

ಅಲ್ಲಿಯವರೆಗೆ ಮನೆಯವರು ತಿಳಿದಿರಬೇಕಾದ ಕೆಲವು ಸಂಗತಿಗಳುಂಟು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್ ಐದು ವರ್ಷದ್ದು. ತಿಂಗಳಿಗೆ 1,25,000 ರೂಪಾಯಿ ವೇತನದೊಡನೆ ವರ್ಷಕ್ಕೆ 7 ಲಕ್ಷ ಸಂಶೋಧನಾ ಅನುದಾನವಿರುವ ಯೋಜನೆ ಅದು. ಸ್ಪರ್ಧೆ ತೀವ್ರ, ವಯೋಮಿತಿ ಸಾಮಾನ್ಯ ವರ್ಗಕ್ಕೆ 32, ಮಹಿಳೆಯರಿಗೆ ಸಡಿಲಿಕೆಯುಂಟು. ರಾಷ್ಟ್ರೀಯ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್ ಎರಡು ವರ್ಷದ್ದು, ಮಿತಿ 35 ವರ್ಷ. ಮೊದಲು ಸರ್ಬ್ ನಡೆಸುತ್ತಿದ್ದುದು ಈಗ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಸೇರಿದೆ. ಇದರಲ್ಲಿ ಸಂಶೋಧನೆಯೇ ಮುಖ್ಯ, ಬೋಧನೆ ಗೌಣ. ವಿವಾಹ, ಹೆರಿಗೆಗಳ ಕಾರಣ ಓದು ನಿಲ್ಲಿಸಿದ ಹೆಣ್ಣುಮಕ್ಕಳು ಮರಳಿ ಬರಲೆಂದೇ ಅದೇ ಇಲಾಖೆಯ ವೈಸ್-ಕಿರಣ್ ಯೋಜನೆಯಿದೆ. ಸೊಸೆ ಪಿಎಚ್.ಡಿ. ಎಂದು ಹೆಮ್ಮೆಪಡುವ ಅತ್ತೆಮಾವಂದಿರು ಈ ಹೆಸರನ್ನು ಬರೆದಿಟ್ಟುಕೊಳ್ಳಲಿ.

ಇವುಗಳಲ್ಲಿ ರಾಷ್ಟ್ರೀಯ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್ಪಿನಂತಹವಕ್ಕೆ ಅರ್ಜಿಗೆ ಮೊದಲು ಒಂದು ಆತಿಥೇಯ ಸಂಸ್ಥೆ ಹಾಗೂ ಒಬ್ಬ ಮಾರ್ಗದರ್ಶಕರ ಒಪ್ಪಿಗೆ ಬೇಕಾಗುತ್ತದೆ. ಪ್ರಬಂಧ ಸಲ್ಲಿಸುವ ಆರು ತಿಂಗಳ ಮೊದಲೇ ಪತ್ರವ್ಯವಹಾರ ಆರಂಭಿಸುವುದು ಲೇಸು. ಸನ್ಮಾನದ ದಿನಾಂಕ ಗೊತ್ತಾಗುವ ಹೊತ್ತಿಗೆ ಎಷ್ಟೋ ಬಾರಿ ಅರ್ಜಿಯ ದಿನಾಂಕ ಕಳೆದುಹೋಗಿರುತ್ತದೆ.