ತಾರೀಕು ನೋಡಿ ಹೆರಿಗೆ: ತಪ್ಪು ಡಾಕ್ಟರರದ್ದು ಮಾತ್ರವೇ?

ಕಳೆದ ತಿಂಗಳು ಬೆಳಗ್ಗಿನ ತರಗತಿ ಮುಗಿಸಿ ಹೊರಗೆ ಬರುವಾಗ ಪರಿಚಯದ ಒಬ್ಬರು ಮದ್ರಸದ ಬಾಗಿಲಲ್ಲಿ ಕಾದು ನಿಂತಿದ್ದರು. ಮಗಳಿಗೆ ಚೊಚ್ಚಲ ಹೆರಿಗೆಯಾಗಿ ಮೂರು ದಿನ ಆಗಿತ್ತು. "ಉಸ್ತಾದ್, ಸಂಜೆವರೆಗೆ ನಾರ್ಮಲ್ ಆಗ್ತದೆ ಅಂತ ಹೇಳ್ತಾ ಇದ್ರು. ರಾತ್ರಿ ಒಂಬತ್ತು ಗಂಟೆಗೆ ಕರ್ದು, ನೀರು ಕಡಿಮೆ ಉಂಟು, ಈಗ್ಲೇ ಆಪರೇಷನ್ ಆಗ್ಬೇಕು ಅಂದ್ರು. ನಾನು ಸೈನ್ ಹಾಕಿ ಕೊಟ್ಟೆ" ಎಂದರು. ಬಿಲ್ಲು ಕಟ್ಟಲು ಹೆಂಡತಿಯ ಬಳೆ ಅಡವಿಟ್ಟು ಬಂದಿದ್ದರು. ಆದರೆ ಅವರು ಹಣ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು: "ಬೇರೆ ದಾರಿ ಇರ್ಲಿಲ್ವಾ ಉಸ್ತಾದ್?"

ನಮ್ಮಲ್ಲಿ ಉತ್ತರ ಇರಲಿಲ್ಲ. ನಾವು ಡಾಕ್ಟರ್ ಅಲ್ಲ. ಆ ರಾತ್ರಿ ಆ ಆಪರೇಷನ್ ಬೇಕಿತ್ತೋ ಬೇಡವೋ ಎಂದು ಹೇಳುವ ಅರ್ಹತೆಯೂ ನಮಗಿಲ್ಲ. ಆದರೆ ನಮ್ಮ ಮೊಹಲ್ಲಾದಲ್ಲಿ ಈಗ ಹೆರಿಗೆಯ ಸುದ್ದಿ ಬಂದಾಗ ಜನ ಮೊದಲು ಕೇಳುವುದು ಗಂಡೋ ಹೆಣ್ಣೋ ಎಂದಲ್ಲ, "ನಾರ್ಮಲಾ, ಸಿಸೇರಿಯನ್ನಾ?" ಎಂದು. ಇದು ಯಾಕೆ ಹೀಗಾಯಿತು ಎಂದು ನಾವೆಲ್ಲ ಸ್ವಲ್ಪ ಕುಳಿತು ಯೋಚಿಸಬೇಕು.

ಲೆಕ್ಕ ನೋಡಿದರೆ ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದಲ್ಲಿ ನೂರು ಹೆರಿಗೆಗಳಲ್ಲಿ ಸಿಸೇರಿಯನ್ ಆಗುತ್ತಿದ್ದುದು ಎಂಟು-ಒಂಬತ್ತು. 2015-16ಕ್ಕೆ ಅದು 17 ದಾಟಿತು, 2019-21ಕ್ಕೆ 21.5 ಆಯಿತು. ಕರ್ನಾಟಕದಲ್ಲಿ ಅದೇ ಕಾಲಕ್ಕೆ 31.5. ನೆರೆಯ ಕೇರಳದಲ್ಲಿ ಸುಮಾರು 39. ದೇಶದ ಖಾಸಗಿ ಆಸ್ಪತ್ರೆಗಳನ್ನು ಮಾತ್ರ ತೆಗೆದುಕೊಂಡರೆ 47, ಅಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಸರಕಾರಿ ಆಸ್ಪತ್ರೆಗಳಲ್ಲಿ 14. ತೊಡಕಿನ ಕೇಸುಗಳು ಕೊನೆಗೆ ಹೋಗಿ ಸೇರುವುದು ದೊಡ್ಡ ಸರಕಾರಿ ಆಸ್ಪತ್ರೆಗೇ. ಆದರೂ ಕೊಯ್ಯುವುದು ಖಾಸಗಿಯಲ್ಲಿ ಜಾಸ್ತಿ ಎಂದರೆ ಕಾರಣ ಹೆಂಗಸರ ಹೊಟ್ಟೆಯಲ್ಲಿ ಮಾತ್ರ ಇಲ್ಲ ಎಂದಾಯಿತು.

ಕಾರಣ ಎಂದ ಕೂಡಲೇ ನಾವು ಹೇಳುವುದು ಒಂದೇ: "ದುಡ್ಡಿಗೋಸ್ಕರ ಮಾಡ್ತಾರೆ." ಇದರಲ್ಲಿ ಸತ್ಯ ಇಲ್ಲವೆಂದಲ್ಲ. ಸಹಜ ಹೆರಿಗೆಗೆ ರಾತ್ರಿಯಿಡೀ ಕಾಯಬೇಕು, ಆಪರೇಷನ್ ಒಂದು ಗಂಟೆಯಲ್ಲಿ ಮುಗಿಯುತ್ತದೆ, ಬಿಲ್ಲೂ ದೊಡ್ಡದು. ಆದರೆ ಸಣ್ಣ ಆಸ್ಪತ್ರೆಯೊಂದರ ಪರಿಸ್ಥಿತಿಯನ್ನೂ ನೋಡಬೇಕು. ಅಲ್ಲಿ ಹೆರಿಗೆ ಡಾಕ್ಟರ್ ಒಬ್ಬರೇ. ಅರಿವಳಿಕೆ ಕೊಡುವವರು ಹೊರಗಿನಿಂದ ಬರಬೇಕು. ರಕ್ತ ಬೇಕಾದರೆ ಪೇಟೆಗೆ ಓಡಬೇಕು. ಸಂಜೆ ಆರು ಗಂಟೆಗೆ ಅರಿವಳಿಕೆ ಡಾಕ್ಟರ್ ಸಿಗುತ್ತಾರೆ, ರಾತ್ರಿ ಎರಡು ಗಂಟೆಗೆ ಸಿಗುತ್ತಾರೆಂಬ ಧೈರ್ಯ ಇಲ್ಲ. ಆಗ ಅವರು ಆರು ಗಂಟೆಗೇ ತೀರ್ಮಾನ ಮಾಡುತ್ತಾರೆ. ಇನ್ನು ಮಗುವಿಗೆ ಏನಾದರೂ ಆದರೆ ಆಸ್ಪತ್ರೆಯ ಗಾಜು ಒಡೆಯುವವರು, ಕೇಸು ಹಾಕುವವರು ಯಾರು? ನಾವೇ ಅಲ್ಲವೇ? ಕಾದದ್ದಕ್ಕೆ ಡಾಕ್ಟರ ಮೇಲೆ ಕೇಸು ಬೀಳುತ್ತದೆ, ಕೊಯ್ದದ್ದಕ್ಕೆ ಯಾರೂ ಕೇಸು ಹಾಕುವುದಿಲ್ಲ. ಈ ಹೆದರಿಕೆಯೂ ಒಂದು ಕಾರಣವೇ.

ದೇಹಕ್ಕೆ ಸಂಬಂಧಿಸಿದ ಕಾರಣಗಳೂ ಉಂಟು. ಮೊದಲಿಗಿಂತ ತಡವಾಗಿ ಮದುವೆ, ತಡವಾಗಿ ಮಕ್ಕಳು. ಗರ್ಭಿಣಿಯರಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಬೊಜ್ಜು ಈಗ ಮನೆಮನೆಯ ಮಾತು. ನಮ್ಮಲ್ಲಿ ಬಸುರಿಗೆ ಇಬ್ಬರ ಊಟ ಹಾಕುವುದು, ಕೆಳಗಿಟ್ಟ ಕೊಡ ಎತ್ತಲು ಬಿಡದಿರುವುದು ಪ್ರೀತಿಯ ಲಕ್ಷಣ. ದಿನಾ ಅರ್ಧ ಗಂಟೆ ನಡೆಸುವುದೂ ಪ್ರೀತಿಯೇ ಎಂದು ಯಾರೂ ಹೇಳಿಕೊಡುವುದಿಲ್ಲ.

ಇನ್ನು ನಮ್ಮದೇ ತಪ್ಪಿಗೆ ಬರೋಣ. ಬೇರೆಯವರು ಮುಹೂರ್ತ ನೋಡಿ ಸಿಸೇರಿಯನ್ ಮಾಡಿಸುತ್ತಾರೆ ಎಂದು ನಾವು ನಗುತ್ತೇವೆ. ನಮ್ಮಲ್ಲೂ ಒಂದು ಮುಹೂರ್ತ ಉಂಟು, ಅದು ಗಲ್ಫಿನ ರಜೆ. ದುಬೈಯಿಂದಲೋ ದಮಾಮಿನಿಂದಲೋ ಗಂಡನಿಗೆ ಸಿಗುವುದು ಮೂವತ್ತು ದಿನ. ಮಗುವಿನ ಮುಖ ನೋಡಬೇಕು, ಹೆಸರಿಡುವ ದಿನ, ಅಕೀಕಾದ ದಿನ ಅವನು ಇರಬೇಕು. ವಾಪಸ್ ಟಿಕೆಟ್ ಬುಕ್ ಆಗಿದೆ. ಆಗ ಮನೆಯವರೇ ಡಾಕ್ಟರ ಹತ್ತಿರ ಹೋಗಿ, "ಮೇಡಂ, ಈ ವಾರದೊಳಗೆ ಮಾಡಿ ಕೊಡಿ" ಎನ್ನುತ್ತಾರೆ. ಊರು ಬಿಟ್ಟು ದುಡಿಯುವ ಆ ಹುಡುಗನ ಆಸೆ ನಮಗೆ ಅರ್ಥವಾಗುತ್ತದೆ. ಆದರೆ 39 ವಾರ ತುಂಬುವ ಮೊದಲೇ ಕಾರಣವಿಲ್ಲದೆ ಕೊಯ್ದು ತೆಗೆದ ಮಗುವಿಗೆ ಉಸಿರಾಟದ ತೊಂದರೆ ಬರುವ ಸಾಧ್ಯತೆ ಜಾಸ್ತಿ. ಅಪ್ಪನ ಮುಖ ನೋಡಬೇಕಾದ ಮಗು ಐಸಿಯುವಿನ ಪೆಟ್ಟಿಗೆಯಲ್ಲಿ ಮಲಗುತ್ತದೆ.

ಎರಡನೆಯದು ಹೆದರಿಕೆ. ಹಿಂದೆ ಹೆರಿಗೆ ಮನೆಯಲ್ಲೇ ಆಗುತ್ತಿದ್ದಾಗ ಹುಡುಗಿಯರು ಅಕ್ಕನದ್ದು, ಚಿಕ್ಕಮ್ಮನದ್ದು ಕಣ್ಣಾರೆ ನೋಡಿ ಬೆಳೆಯುತ್ತಿದ್ದರು. ಈಗಿನ ಹುಡುಗಿಗೆ ಗೊತ್ತಿರುವುದು ಸಿನಿಮಾದ ಕಿರುಚಾಟ ಮಾತ್ರ. ಅವಳನ್ನು ಒಳಗೆ ಒಬ್ಬಳನ್ನೇ ಕಳಿಸಿ ಬಾಗಿಲು ಹಾಕುತ್ತಾರೆ. ಉಮ್ಮ ಹೊರಗೆ ತಸ್ಬೀಹ್ ಹಿಡಿದು ಕುಳಿತಿರುತ್ತಾರೆ. ಒಳಗಿನವಳು ನೋವಿನಲ್ಲಿ "ಆಪರೇಷನ್ ಮಾಡಿ ಬಿಡಿ" ಎಂದರೆ ಆಶ್ಚರ್ಯ ಏನು? ಹೆರಿಗೆ ಕೋಣೆಯಲ್ಲಿ ಅವಳಿಗೆ ಬೇಕಾದವರೊಬ್ಬರು ಜೊತೆಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಎಲ್ಲರ ಗರ್ಭದ್ವಾರವೂ ಗಂಟೆಗೆ ಒಂದು ಸೆಂಟಿಮೀಟರಿನಂತೆ ತೆರೆಯಬೇಕೆಂಬ ಹಳೆಯ ಲೆಕ್ಕ ಸರಿಯಲ್ಲ, ತಾಯಿ ಮಗು ಚೆನ್ನಾಗಿದ್ದರೆ ಕಾಯಬಹುದು ಎಂದೂ ಅದು 2018ರಲ್ಲಿ ಹೇಳಿದೆ. ಆದರೆ ಹೊರಗೆ ಕುಳಿತ ನಾವು ಹತ್ತು ನಿಮಿಷಕ್ಕೊಮ್ಮೆ ಸಿಸ್ಟರನ್ನು ಕೇಳುತ್ತೇವೆ, "ಇನ್ನೂ ಆಗ್ಲಿಲ್ವಾ?"

ಮೂರನೆಯದು ಮೊದಲ ಕೊಯ್ತ. ಮೊದಲನೆಯದು ಸಿಸೇರಿಯನ್ ಆದರೆ ಎರಡನೆಯದು, ಮೂರನೆಯದು ಕೂಡ ಸಿಸೇರಿಯನ್ನೇ ಎಂದು ಬರೆದು ಇಟ್ಟಂತೆ ನಡೆಯುತ್ತದೆ. ಅದು ಕಡ್ಡಾಯ ಅಲ್ಲ. ಹಿಂದಿನ ಕೊಯ್ತ ಯಾವ ಬಗೆಯದ್ದು ಎಂದು ನೋಡಿ, ತುರ್ತು ಆಪರೇಷನ್ನಿನ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಯಲ್ಲಿ ಪ್ರಯತ್ನಿಸಿದರೆ, ಆರಿಸಿದ ನೂರು ಮಂದಿಯಲ್ಲಿ ಅರವತ್ತರಿಂದ ಎಂಬತ್ತು ಮಂದಿಗೆ ಸಹಜ ಹೆರಿಗೆಯೇ ಆಗುತ್ತದೆ. ಇನ್ನೂರಕ್ಕೆ ಒಬ್ಬರಂತೆ ಹಳೆಯ ಗಾಯ ಬಿಚ್ಚುವ ಅಪಾಯ ಉಂಟು, ಆದ್ದರಿಂದಲೇ ದೊಡ್ಡ ಆಸ್ಪತ್ರೆ ಬೇಕು. ಮತ್ತೆ ಮತ್ತೆ ಕೊಯ್ದರೆ ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಂಡು ವಿಪರೀತ ರಕ್ತ ಹೋಗುವ, ಗರ್ಭಕೋಶವನ್ನೇ ತೆಗೆಯಬೇಕಾಗುವ ಅಪಾಯ ಪ್ರತಿ ಸಲವೂ ಏರುತ್ತದೆ. ನಮ್ಮಲ್ಲಿ ಮೂರು ನಾಲ್ಕು ಮಕ್ಕಳು ಬೇಕೆನ್ನುವ ಮನೆಗಳು ಈಗಲೂ ಉಂಟು. ಹಾಗಾದರೆ ಮೊದಲ ಹೆರಿಗೆಯ ತೀರ್ಮಾನ ನಾಲ್ಕು ಹೆರಿಗೆಯ ತೀರ್ಮಾನ ಎಂದು ತಿಳಿದಿರಬೇಕು.

ಇದನ್ನು ಓದಿ ಯಾರೂ ತಪ್ಪು ತಿಳಿಯಬಾರದು. 2025ರ ಏಪ್ರಿಲ್‌ನಲ್ಲಿ ಪಕ್ಕದ ಮಲಪ್ಪುರಂನಲ್ಲಿ ಐದನೇ ಹೆರಿಗೆಯನ್ನು ಮನೆಯಲ್ಲೇ ಮಾಡಿಸಿದ ಒಬ್ಬ ಸಹೋದರಿ ತೀರಿಹೋದದ್ದನ್ನು ನಾವೆಲ್ಲ ಓದಿದ್ದೇವೆ. ಮಾಸು ದಾರಿಗೆ ಅಡ್ಡ ಬಂದರೆ, ಮಗು ಅಡ್ಡ ಮಲಗಿದ್ದರೆ, ಎದೆಬಡಿತ ಕುಸಿದರೆ ಸಿಸೇರಿಯನ್ ಜೀವ ಉಳಿಸುತ್ತದೆ. ಆಗ "ನಾರ್ಮಲೇ ಆಗ್ಬೇಕು" ಎಂದು ಹಟ ಹಿಡಿಯುವ ಅತ್ತೆಯೂ ಗಂಡನೂ ಗುನಾಹ್ ಕಟ್ಟಿಕೊಳ್ಳುತ್ತಾರೆ. ಸಿಸೇರಿಯನ್ ಆದವಳನ್ನು "ನೋವು ತಿನ್ನದೆ ಹೆತ್ತವಳು" ಎಂದು ಚುಚ್ಚುವುದು ಅದಕ್ಕಿಂತ ಕೀಳು. ಹೊಟ್ಟೆಯಲ್ಲಿ ಹೊಲಿಗೆ ಇಟ್ಟುಕೊಂಡು ರಾತ್ರಿ ಎದ್ದು ಹಾಲೂಡಿಸುವವಳ ನೋವು ಯಾವುದಕ್ಕೆ ಕಡಿಮೆ?

ಹಾಗಾದರೆ ಮಾಡಬೇಕಾದದ್ದು ಏನು? ಮೊದಲು, ಪ್ರಶ್ನೆ ಕೇಳಲು ಕಲಿಯಬೇಕು. ಏಳನೇ ತಿಂಗಳಲ್ಲೇ ಗಂಡನೋ ಉಮ್ಮನೋ ಹುಡುಗಿಯ ಜೊತೆ ಹೋಗಿ ಕೇಳಲಿ: ಇಲ್ಲಿ ನೂರರಲ್ಲಿ ಎಷ್ಟು ಸಿಸೇರಿಯನ್ ಆಗುತ್ತದೆ? ರಾತ್ರಿ ಅರಿವಳಿಕೆ ಡಾಕ್ಟರ್ ಇರುತ್ತಾರಾ? ಒಳಗೆ ಜೊತೆಗೆ ಒಬ್ಬರನ್ನು ಬಿಡುತ್ತೀರಾ? ಆಪರೇಷನ್ ಎಂದಾಗ ಕೇಳಲಿ: ಕಾರಣ ಏನು, ಕಾದರೆ ಅಪಾಯ ಏನು? ನಿಜವಾದ ತುರ್ತಿದ್ದರೆ ಡಾಕ್ಟರ್ ಎರಡೇ ಮಾತಿನಲ್ಲಿ ಹೇಳುತ್ತಾರೆ, ಆಗ ಒಂದು ನಿಮಿಷವೂ ತಡ ಮಾಡಬಾರದು. "ಕೊರಳಿಗೆ ಬಳ್ಳಿ ಸುತ್ತಿದೆ" ಎಂಬುದಷ್ಟೇ ಕಾರಣವಾದರೆ ಇನ್ನೊಂದು ಮಾತು ಕೇಳಬಹುದು, ಯಾಕೆಂದರೆ ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಹಾಗೆ ಸುತ್ತಿರುತ್ತದೆ, ಹೆಚ್ಚಿನವು ಸಹಜವಾಗಿಯೇ ಹುಟ್ಟುತ್ತವೆ.

ಎರಡನೆಯದು, ಸರಕಾರಿ ಆಸ್ಪತ್ರೆ ಎಂದರೆ ಮುಖ ಸಿಂಡರಿಸುವುದನ್ನು ಬಿಡಬೇಕು. 2011ರಿಂದ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಅಲ್ಲಿ ಹೆರಿಗೆ ಉಚಿತ, ಸಿಸೇರಿಯನ್ ಆದರೂ ಉಚಿತ. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ಎಷ್ಟೋ ತಲೆಮಾರಿನ ಮಕ್ಕಳು ಹುಟ್ಟಿದ್ದಾರೆ. ಅಲ್ಲಿ ನೂಕುನುಗ್ಗಲು ಉಂಟು, ಹಾಸಿಗೆ ಸಾಲದೆಂದು ದೂರು ಉಂಟು. ಅದನ್ನು ಸರಿಪಡಿಸಿ ಎಂದು ಕೇಳುವ ಹಕ್ಕೂ ನಮಗೆ ಉಂಟು, ಆದರೆ ಅಲ್ಲಿಗೆ ಹೋಗದವನ ಮಾತಿಗೆ ಬೆಲೆ ಇಲ್ಲ.

ಮೂರನೆಯದು, ಜಮಾಅತ್ ಕಮಿಟಿಗಳು. ನಾವು ಮದುವೆಗೆ ಸಹಾಯ ಮಾಡುತ್ತೇವೆ, ಆಸ್ಪತ್ರೆಯ ಬಿಲ್ಲಿಗೆ ವಾಟ್ಸಾಪಿನಲ್ಲಿ ಹಣ ಸಂಗ್ರಹಿಸುತ್ತೇವೆ. ಬಿಲ್ಲು ಬರುವ ಮೊದಲೇ ವರ್ಷಕ್ಕೆ ಎರಡು ಸಲ ಒಬ್ಬ ಹೆರಿಗೆ ಡಾಕ್ಟರನ್ನೋ ಅನುಭವಸ್ಥ ನರ್ಸನ್ನೋ ಕರೆಸಿ, ಹೊಸ ಮದುಮಕ್ಕಳಿಗೆ ಮತ್ತು ಅತ್ತೆಯಂದಿರಿಗೆ ಒಂದು ಗಂಟೆ ಮಾತಾಡಿಸಿದರೆ ಖರ್ಚು ಎಷ್ಟು? ಒಂದು ಪಾತ್ರೆ ಚಾ, ನಾಲ್ಕು ಪ್ಯಾಕೆಟ್ ಬಿಸ್ಕೆಟ್.

ಬಾಗಿಲಲ್ಲಿ ನಿಂತಿದ್ದ ಆ ತಂದೆಗೆ ನಾವು ಅಂದು ಹೇಳಿದ್ದು, "ತಾಯಿ ಮಗು ಚೆನ್ನಾಗಿದ್ದಾರಲ್ಲ, ಅಲ್‌ಹಮ್ದುಲಿಲ್ಲಾಹ್" ಎಂದು ಮಾತ್ರ. ಅದು ದೊಡ್ಡ ಮಾತೇ. ಆದರೆ ಅವರ ಎರಡನೇ ಮಗಳಿಗೂ ಈಗ ಆರು ತಿಂಗಳು. ಈ ಸಲ ಸೈನ್ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟಿದ್ದೇವೆ.